ಹನ್ನೊಂದು ಸಲ ಇಳಿಸಿದ ಹಾಡು

"ಆ ಎಚ್ಚರಿಕೆ ಕಳಿಸಿದ ಮಹಾನುಭಾವರು ನೀವೇನಾ?"

ಲಾಸ್ಯಾ ಹೀಗೆ ಕೇಳಿದಾಗ ಗುಂಪಿನ ಉಸ್ತುವಾರಿ ಹೊತ್ತ ಶಿವರಾಜನ ಬಾಯ್ತುಂಬ ಮಂಡಕ್ಕಿ ಗಿರ್ಮಿಟ್ಟು. ಹೌದೆಂದು ತಲೆಯಾಡಿಸಿದ.

ಅಮೆರಿಕದ ಯೂನಿಯನ್ ಸಿಟಿಯ ಲೈಬ್ರರಿ ಹಾಲಿನಲ್ಲಿ 'ಕ್ಯಾಸೆಟ್ ಬುಟ್ಟಿ'ಯವರು ಸೇರಿದ್ದರು. ಮನೆಯ ಹಳೆಯ ಕ್ಯಾಸೆಟ್ಟುಗಳನ್ನು ಫೈಲು ಮಾಡಿ, ತಂತಮ್ಮ ಕಂಪ್ಯೂಟರಿನಿಂದಲೇ ಒಬ್ಬರಿಂದೊಬ್ಬರಿಗೆ ಆನ್‌ಲೈನಿನಲ್ಲಿ ಹಂಚಿಕೊಳ್ಳುವ ಬಳಗ ಅದು. ನಿಯಮ ಒಂದೇ: ಎಷ್ಟು ಇಳಿಸಿಕೊಂಡಿರೋ ಅಷ್ಟನ್ನು ಬೇರೆಯವರಿಗೆ ಏರಿಸಿಕೊಡಬೇಕು. ಲಾಸ್ಯಾ ಹತ್ತು ಪಾಲು ಪಡೆದು ಎರಡು ಪಾಲು ಕೊಟ್ಟಿದ್ದಳು. ಮುಂದಿನ ಶನಿವಾರದೊಳಗೆ ಸರಿಹೋಗದಿದ್ದರೆ ಹೊರಗೆ!

"ನಮ್ಮಜ್ಜ ಅರ್ಥ ಹೇಳಿದ ತಾಳಮದ್ದಲೆ ಹನ್ನೆರಡು ಭಾಗ ಉಂಟು. ಪುತ್ತೂರಿನವರೊಬ್ಬರು ವಾರಕ್ಕೊಂದು ಹಾಕ್ತಿದ್ದಾರೆ. ಏಳು ಸಿಕ್ಕಿದೆ. ಅಜ್ಜ ಈಗಿಲ್ಲ. ಆ ದನಿ ಬೇರೆಲ್ಲೂ ಇಲ್ಲ. ನನ್ನನ್ನು ತೆಗೆದ್ರೆ ಉಳಿದ ಐದು...?"

"ರೂಲು ಎಲ್ಲಾರಿಗೂ ಒಂದರೀ. ನೀವೂ ಕೊಡ್ರಿ."

"ಕೊಡ್ತಿದ್ದೀನಲ್ಲ! ನಮ್ಮೂರ ಗುಲಾಬಿ ಅಜ್ಜಿ ಹಾಡಿದ ಗದ್ದೆ ನಾಟಿಯ ಹಾಡು ಹಾಕಿದ್ದೀನಿ. ಮೂರು ತಿಂಗಳಿಂದ ಲ್ಯಾಪ್‌ಟಾಪು ಮುಚ್ಚಿಲ್ಲ. ತುಳು ಅಂತ ಯಾರೂ ಮುಟ್ಟೋದೇ ಇಲ್ಲ. ಬೇರೆ ಫೈಲುಗಳನ್ನ ಫಾಸ್ಟ್ ಲೈನು ಇರೋವ್ರು ನನಗಿಂತ ಮೊದಲೇ ಕೊಟ್ಟು ಮುಗಿಸ್ತಾರೆ. ಗಿರಾಕಿ ಬರದಿದ್ರೆ ಅಂಗಡಿ ತೆರೆದು ಕೂತವಳ ತಪ್ಪಾ?"

ಅವಳ ಮಾತಿನಲ್ಲಿ ನ್ಯಾಯವಿತ್ತು. ಕಣ್ಣಂಚಿನಲ್ಲಿ ನೀರೂ ಇತ್ತು... ಅವನಿಗೆ ಎರಡೂ ಕಾಣಿಸಿದವು.

"ರೂಲು ಅಂದ್ರ ರೂಲರೀ," ಎಂದಷ್ಟೇ ಹೇಳಿದ.

'ಕಲ್ಲು!' ಅಂದುಕೊಂಡು ಲಾಸ್ಯಾ ಹೊರಟುಹೋದಳು.

ಸೋಮವಾರ ಪವಾಡ! ಎರಡು ಪಾಲು ನಾಲ್ಕಾಗಿತ್ತು. ಬುಧವಾರ ಏಳು. ಆಫೀಸಿನ ಮೀಟಿಂಗಿನಲ್ಲೂ ಕದ್ದು ನೋಡಿ ನಕ್ಕಳು. ಅಜ್ಜಿಯ ಹಾಡಿಗೆ ಕಡೆಗೂ ಕೇಳುವವರು ಸಿಕ್ಕರು!

ಗುರುವಾರ ಯಾರು ಯಾರೆಂದು ಪಟ್ಟಿ ತೆರೆದಳು. ಹಲವರಲ್ಲ... ಒಬ್ಬನೇ. ಪಕ್ಕದೂರು ಡಬ್ಲಿನ್‌ನ ಯಾರೋ ಹೊಸ ಸದಸ್ಯ. ಅದೇ ಹಾಡನ್ನು ಹನ್ನೊಂದು ಸಲ ಇಳಿಸಿಕೊಂಡಿದ್ದ!

ಅವಳ ಮುಖ ಬಿಸಿಯಾಯಿತು. 'ಯಾರಿಗೆ ಬೇಕು ಈ ಕನಿಕರ?'

ಸುಮ್ಮನಿದ್ದರೆ ಅಜ್ಜನ ಐದೂ ಭಾಗ ಸಿಗುತ್ತಿತ್ತು. ಆದರೂ ಗುಂಪಿನಲ್ಲಿ ಬರೆದಳು: "ನನ್ನ ಪಾಲು ಸುಳ್ಳು. ಒಬ್ಬರು ಅಳಿಸಿ ಅಳಿಸಿ ಇಳಿಸಿಕೊಂಡಿದ್ದಾರೆ. ಅದನ್ನು ತೆಗೆದುಹಾಕಿ."

ಐದೇ ನಿಮಿಷದಲ್ಲಿ ಉತ್ತರ ಬಂತು.

"ಹೊಸ ಹೆಸರಿನಾಗ ಬಂದ ಆ ಕಳ್ಳ ನಾನೇ, ಶಿವರಾಜ. ಉಸ್ತುವಾರಿ ಬಿಟ್ಟೇನಿ. ಆದ್ರ ಒಂದು ಮಾತು. ಲ್ಯಾಪ್‌ಟಾಪು ತೆರೆದಿಟ್ಟ ತಾಸನ್ನೂ ಕೊಟ್ಟದ್ದು ಅಂತ ಹಿಡೀಬೇಕು. ಯಾರೂ ಬಂದು ತಗೊಳ್ಳಲಿಲ್ಲ ಅಂದ್ರ ಅದು ಕೊಡಾಕ ಕೂತವರ ತಪ್ಪಲ್ಲ."

ಗುಂಪಿನ ಹಿರಿಯರಾದ ಕುಬೇರಪ್ಪ ಆ ಮಾತನ್ನು ಮತಕ್ಕೆ ಹಾಕಿದರು. ಶುಕ್ರವಾರ ಸಂಜೆಗೆ ಒಪ್ಪಿದವರು ಮೂವತ್ತೆಂಟು ಜನ, ವಿರೋಧ ಇಬ್ಬರದು. ಲಾಸ್ಯಾಳ ಮೂರು ತಿಂಗಳ ತಾಸುಗಳು ಎಣಿಕೆಗೆ ಬಂದವು. ಅವಳು ಉಳಿದಳು!

ಕೂಡಲೇ ಶಿವರಾಜನಿಗೆ ಮೆಸೇಜು ಹೋಯಿತು: "ನಾಳೆ ಬೆಳಿಗ್ಗೆ ಬಾರ್ಟ್ ರೈಲು ಸ್ಟೇಷನ್ ಪಕ್ಕದ ಕಾಫಿ ಅಂಗಡಿಗೆ ಬನ್ನಿ. ಬೈಯೋದುಂಟು."

ಅವನು ಅರ್ಧ ಗಂಟೆ ಮೊದಲೇ ಬಂದು ಕೂತಿದ್ದ.

"ನಿಯಮ ಬದಲಾಯಿಸೋ ಧೈರ್ಯ ಇರಲಿಲ್ಲ, ಕಳ್ಳತನಕ್ಕೆ ಧೈರ್ಯ ಬಂತಾ ಮಾರಾಯ್ರೆ?"

"ಆ ರೂಲು ಬರೆದಾಂವ ನಾನೇರೀ. ತಪ್ಪಂತ ಒಪ್ಪಾಕ ನಾಚಿಕಿ ಆತು." ತಲೆ ತಗ್ಗಿಸಿದ. "ಮತ್ತ... ನೀವು ಹೋಗೋದು ನನಗ ಬ್ಯಾಡಾಗಿತ್ತು. ಗುಂಪಿನ ಸಲುವಾಗಿ ಅಲ್ಲ. ನನ್ನ ಸಲುವಾಗಿ."

ಬೈಯಲೆಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಲಾಸ್ಯಾಳಿಗೆ ಮರೆತೇಹೋಯಿತು.

"ಹಾಡು... ಹೇಗಿತ್ತು?"

"ಯಾವ ಹಾಡು?"

"ಹನ್ನೊಂದು ಸಲ ಇಳಿಸಿದ್ದು!"

ಅವನ ಕಿವಿಗಳು ಕೆಂಪಾದವು. "ಇಳಿಸೋದು, ಅಳಿಸೋದು... ಅದರಾಗ ಕೇಳಾಕ ಆಗಲೇ ಇಲ್ಲರೀ."

ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ಅವಳು ನಕ್ಕಳು. ಆಮೇಲೆ ಒಂದು ಇಯರ್‌ಫೋನನ್ನು ಅವನ ಅಂಗೈಯಲ್ಲಿಟ್ಟಳು.

"ನನಗ ತುಳು ಬರೂದಿಲ್ಲ."

"ನನಗೆ ಬರ್ತದಲ್ಲ. ಒಂದೊಂದೇ ಸಾಲು ಹೇಳ್ತೇನೆ."

"ಭಾಳ ಉದ್ದ ಐತೇನು?"

"ಹೌದು. ಅವಸರ ಉಂಟಾ ನಿಮಗೆ?"

"ಇಲ್ಲರೀ." ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ನೀವು ಹೇಳ್ತಾ ಕೂತ್ರ, ಇಡೀ ಜನ್ಮ ಪುರಸೊತ್ತೈತಿ."