ಹಳೇಪೇಟೆ ಚೌಕದಲ್ಲಿ ಸುಮ್ಮನಿದ್ದವಳು

"ರೀ ಮೇಡಂ... ಆ ಗೆರೆ ನಮ್ಮಮ್ಮನ ಮೇಲೆ ಹೋಗ್ತಿದೆ!"

ಬಗ್ಗಿಕೊಂಡು ಸುಣ್ಣದ ಗೆರೆ ಎಳೆಯುತ್ತಿದ್ದ ಪ್ರಿಯದರ್ಶಿನಿ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಹೆಲ್ಮೆಟ್ ಹಿಡಿದು ನಿಂತ ಯುವಕ. ಗೆರೆಯ ತುದಿಯಲ್ಲಿ, ಮಲ್ಲಿಗೆ ಬುಟ್ಟಿಯ ಹಿಂದೆ, ಕೂತಲ್ಲಿಂದ ಕದಲದೆ ಹೂ ಕಟ್ಟುತ್ತಿದ್ದ ದ್ಯಾಮಮ್ಮ.

"ಸ್ವಲ್ಪ ಎದ್ದೇಳೋಕೆ ಹೇಳಿ, ಎರಡೇ ನಿಮಿಷ."

"ನಾನು ಹುಟ್ಟೋಕ್ ಮುಂಚಿಂದ ಇಲ್ಲೇ ಕೂರ್ತಾರೆ. ನೀವೇ ಗೆರೆನ ಆಚೆ ಹಾಕ್ಕೊಳ್ಳಿ!"

ಸಿಟ್ಟು ಬರಬೇಕಿತ್ತು. ಬಂದದ್ದು ನಗು! ಗೆರೆ ದ್ಯಾಮಮ್ಮನನ್ನು ಬಳಸಿಕೊಂಡು ಮುಂದೆ ಹೋಯಿತು.

ಶಿವಮೊಗ್ಗದ ಹಳೇಪೇಟೆ ಚೌಕವನ್ನು ಹೊಸದಾಗಿ ರೂಪಿಸುವ ಕೆಲಸ ಆರ್ಕಿಟೆಕ್ಟ್ ಪ್ರಿಯದರ್ಶಿನಿಯ ಪಾಲಿಗೆ ಬಂದಿತ್ತು. ಅದೇ ಚೌಕದಲ್ಲಿ ಅವಳಪ್ಪ ಶಿವಯೋಗಪ್ಪನವರ ಜವಳಿ ಅಂಗಡಿ. ಅಂಗಡಿಯ ಎದುರಿಗೇ ಹೂವಿನ ಹೆಂಗಸರ ಸಾಲು.

ಯುವಕನ ಹೆಸರು ಆನಂದ್, ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ದಿನಾ ಸಂಜೆ ಡ್ಯೂಟಿ ಮುಗಿಸಿ, ಅಮ್ಮನನ್ನು ಭದ್ರಾವತಿಯ ಓಲ್ಡ್ ಟೌನಿಗೆ ಕರೆದೊಯ್ಯಲು ಬೈಕಿನಲ್ಲಿ ಬರುತ್ತಿದ್ದ. ಬಂದವನು ಹೊರಡುವುದು ದಿನದಿಂದ ದಿನಕ್ಕೆ ತಡವಾಗತೊಡಗಿತು. ಯಾರು ಎಲ್ಲಿ ಕೂರುತ್ತಾರೆ, ಯಾವ ಮೂಲೆಗೆ ಮೊದಲು ನೆರಳು ಬರುತ್ತದೆ... ಅವಳು ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ಕೇಳಬೇಕಾದ್ದೆಲ್ಲ ಮುಗಿದ ಮೇಲೂ ಅವಳಿಗೆ ಹೊಸ ಪ್ರಶ್ನೆಗಳು ಹುಟ್ಟುತ್ತಲೇ ಇದ್ದವು. ಸರ್ವೇ ಅಂತೆ ಸರ್ವೇ! ದ್ಯಾಮಮ್ಮನಿಗೆ ತಿಳಿಯದ್ದೇನಿತ್ತು? ಒಂದು ಸಂಜೆ ಸುಮ್ಮನೆ ಕರೆದು ಅವಳ ಜಡೆಗೆ ಮಲ್ಲಿಗೆ ಮುಡಿಸಿಬಿಟ್ಟರು.

"ಅಪ್ಪನ ಫ್ಯಾಕ್ಟರಿ ಕೆಲ್ಸ ಹೋದ್ಮೇಲೆ ನನ್ನ ಓದಿಸಿದ್ದು ಈ ಬುಟ್ಟಿನೇ," ಎಂದಿದ್ದ ಆನಂದ್. "ನಿಮ್ ಪ್ಲಾನಲ್ಲಿ ಅಮ್ಮಂಗೆ ಜಾಗ ಇರುತ್ತೆ ತಾನೇ?"

"ಇರುತ್ತೆ ಮಾರಾಯ! ನನ್ನ ಮೇಲೆ ನಂಬಿಕೆ ಇಲ್ವಾ?"

ಇತ್ತು. ಪೂರ್ತಿ ಇತ್ತು... ಈಗ ಅವಳನ್ನು ಸುಡುತ್ತಿರುವುದೂ ಅದೇ.

ಪಾಲಿಕೆಯಲ್ಲಿ ಪ್ಲಾನ್ ತೋರಿಸುವ ಸಭೆಯ ದಿನ ತೆರೆಯ ಮೇಲೆ ಹೂವಿನ ಹೆಂಗಸರ ಫೋಟೊ ಬಂತು. ಚೌಕದ ಜೀವವೇ ಇವರು ಎಂದು ತೋರಿಸಲೆಂದೇ ಅವಳು ಅದನ್ನು ತೆಗೆದಿದ್ದಳು.

"ಇವ್ರಿಗೆ ಪರ್ಮಿಷನ್ ಇದೆಯಾ?" ಅಧಿಕಾರಿ ಹುಬ್ಬೇರಿಸಿದರು. "ಇವ್ರು ಇಲ್ಲೇ ಇರ್ಬೇಕಾ ಮೇಡಂ? ಪ್ಲಾನ್ ನಿಮ್ದು, ನೀವೇ ಹೇಳಿ."

ಮೊದಲ ಸಾಲಿನಲ್ಲಿ ಅಂಗಡಿಯವರ ಪರವಾಗಿ ಕೂತಿದ್ದ ಅಪ್ಪ ಅವಳನ್ನೇ ನೋಡಿದರು. "ಅಂಗಡಿ ಮುಂದಿನ ಗಲೀಜು ಹೋದ್ರೆ ಸಾಕಮ್ಮ," ಎಂದು ಬೆಳಿಗ್ಗೆ ತಿಂಡಿಗೆ ಕೂತಾಗಲೂ ಹೇಳಿದ್ದರು.

'ಇರ್ಬೇಕು ಸರ್.' ಎರಡೇ ಪದ. ನಾಲಿಗೆಯ ತುದಿಯವರೆಗೂ ಬಂದವು... ಆಚೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಪಾಲಿಕೆಯ ವ್ಯಾನು ಬಂದು ಬುಟ್ಟಿಗಳನ್ನೆಲ್ಲ ಎತ್ತಿ ಹಾಕಿಕೊಂಡು ಹೋಯಿತು.

ಸಂಜೆ ಆನಂದ್ ಅವಳೆದುರು ಬಂದು ನಿಂತ. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು!

"ನಗ್ತಾ ನಗ್ತಾ ನನ್ ಹತ್ರ ಎಲ್ಲಾ ಕೇಳ್ಕೊಂಡಿದ್ದು ಇದಕ್ಕೇನಾ? ಅಮ್ಮ ಎಲ್ಲಿ ಕೂರ್ತಾರೆ ಅಂತ ಅವ್ರಿಗೆ ತೋರ್ಸೋಕಾ?"

"ಇಲ್ಲ ಆನಂದ್! ನಾನು ಹಂಗೆ ಹೇಳ್ಲಿಲ್ಲ..."

"ಮತ್ತೆ ಏನು ಹೇಳಿದ್ರಿ?"

ಸಭೆಯಲ್ಲಿ ಅವಳು ಏನೂ ಹೇಳಿರಲಿಲ್ಲ. ತಪ್ಪೇ ಅದಲ್ಲವೇ? ಅವಳು ತಲೆ ತಗ್ಗಿಸಿದಳು. ಅವನು ಅದನ್ನೇ ಒಪ್ಪಿಗೆ ಎಂದುಕೊಂಡು ಹೊರಟುಹೋದ.

ಅವಳಿಗೆ ಅನ್ನ ಸೇರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದ್ದು ಅವಳು, ಉಂಡದ್ದು ದ್ಯಾಮಮ್ಮ! ಅಪ್ಪನ ಅಂಗಡಿಯ ಎದುರಿನ ಆ ಬರಿದಾದ ನೆಲವನ್ನು ತುಳಿಯಲಾರದೆ, ದಿನವೂ ಅದನ್ನು ಬಳಸಿಕೊಂಡೇ ಹೋದಳು.

ಮುಂದಿನ ಸಭೆಯಲ್ಲಿ ಅವಳಾಗಿಯೇ ಎದ್ದು ನಿಂತಳು.

"ಹೂವಿನವರು ಇಲ್ಲದಿದ್ರೆ ಅದು ಚೌಕ ಅಲ್ಲ ಸರ್, ಬರೀ ಕಲ್ಲು ಹಾಸಿದ ನೆಲ. ಅವರಿಗೆ ಅಂತಾನೇ ನೆರಳಿನ ಕಟ್ಟೆ ಬರೆದಿದ್ದೀನಿ. ಅವತ್ತು ನಾನು ಸುಮ್ನಿದ್ದೆ, ತಪ್ಪಾಯ್ತು. ಅವರಿಗೆ ಜಾಗ ಇಲ್ಲ ಅಂದ್ರೆ ನನ್ನ ಪ್ಲಾನೂ ಬೇಡ."

ಅಪ್ಪ ಎದ್ದು ಹೊರನಡೆದರು. ಅಧಿಕಾರಿ ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಆ ಹೆಂಗಸರೇ ಬಂದು ಕೇಳ್ಲಿ. ಸೋಮವಾರ ನೋಡೋಣ."

ಅದಕ್ಕೇ ಅವಳು ಭದ್ರಾವತಿಯ ಬಸ್ಸು ಹತ್ತಿದ್ದು. ಓಲ್ಡ್ ಟೌನಿನ ಆ ಪುಟ್ಟ ಮನೆಯ ಬಾಗಿಲಲ್ಲಿ ಅವಳನ್ನು ಕಂಡು ಆನಂದನ ಮುಖ ಗಂಟಿಕ್ಕಿತು.

"ಇಲ್ಲೂ ಸರ್ವೇನಾ?"

ಅವಳು ಒಳಗೆ ಗೋಡೆಗೊರಗಿ ಕೂತಿದ್ದ ದ್ಯಾಮಮ್ಮನ ಕಡೆ ತಿರುಗಿದಳು. ಕೆಲಸವಿಲ್ಲದೆ ಮಡಿಲಲ್ಲಿ ಬಿದ್ದಿದ್ದ ಆ ಕೈಗಳನ್ನು ನೋಡುತ್ತಲೇ ಹೇಳಿದಳು.

"ಅವ್ರು ಕೇಳಿದ್ರು ಅಮ್ಮ, ನೀವು ಇರ್ಬೇಕಾ ಅಂತ. ಅಪ್ಪ ನೋಡ್ತಿದ್ರು... ಹೆದರ್ಕೊಂಡೆ. ಬಾಯಿ ಬಿಡ್ಲಿಲ್ಲ. ನಿಮ್ ಬುಟ್ಟಿ ಎತ್ಕೊಂಡು ಹೋಗಿದ್ದು ನಾನೇ ಅಂದ್ಕೊಳ್ಳಿ..."

ಎರಡನೇ ಸಭೆಯಲ್ಲಿ ನಡೆದದ್ದನ್ನೂ, ಸೋಮವಾರ ಬರಬೇಕೆಂಬುದನ್ನೂ, ಅಪ್ಪ ಮಾತು ಬಿಟ್ಟದ್ದನ್ನೂ ಬಿಕ್ಕುತ್ತಲೇ ಹೇಳಿದಳು. ದ್ಯಾಮಮ್ಮ ಗೋಡೆ ಬಿಟ್ಟು ನೆಟ್ಟಗೆ ಕೂತರು.

"ಸೋಮವಾರ ನಿಮ್ಮಪ್ಪ ಇರ್ತಾರಾ?"

"ಇರ್ತಾರೆ."

"ಅವ್ರ ಎದುರಿಗೇ ನನ್ ಪಕ್ಕ ಕೂತ್ಕೋತೀಯಾ?"

"ಕೂತ್ಕೋತೀನಿ ಅಮ್ಮ."

"ಹಂಗಾದ್ರೆ ಎಲ್ಲಾರ್ನೂ ಕರ್ಕೊಂಡು ಬರ್ತೀನಿ. ಅಳ್ಬೇಡ ಮಾರಾಯ್ತಿ, ಒಳಗ್ ಬಾ, ಕಾಫಿ ಕುಡಿ." ಮಗನ ಕಡೆ ಓರೆಗಣ್ಣು ಬೀರಿದರು. "ಇವನ ಸಿಟ್ಟು ಇವನ ಪಾಡು. ನನ್ನ ಕೇಳ್ಬೇಡ."

ಬಸ್ ಸ್ಟಾಪಿನವರೆಗೂ ಆನಂದ್ ಜೊತೆಗೆ ಬಂದ.

"ಬುಟ್ಟಿ ಎತ್ಸೋಕೆ ನೀವೇ ಹೇಳ್ಕೊಟ್ರಿ ಅಂದ್ಕೊಂಡಿದ್ದೆ," ಎಂದ. "ಬಾಯಿಗೆ ಬಂದಂಗೆ ಅಂದ್ಬಿಟ್ಟೆ."

"ಅಂದಿದ್ದು ಪೂರ್ತಿ ಸುಳ್ಳಲ್ಲ ಆನಂದ್."

"ಕೆಲ್ಸ ಹೋಗ್ಬಹುದು. ನಿಮ್ಮಪ್ಪ ಮಾತು ಬಿಟ್ಟಿದ್ದಾರೆ. ಇಷ್ಟೆಲ್ಲಾ ಯಾಕ್ರೀ?"

"ತಪ್ಪು ನಂದು, ಅದಕ್ಕೆ..." ಅವಳ ದನಿ ಒಡೆಯಿತು. "ಮತ್ತೆ... ನಿನ್ನ ಪ್ರೀತಿಸ್ತೀನಿ. ಅದಕ್ಕೇ ನಿನ್ನ ಮುಖ ನೋಡೋಕೂ ಆಗ್ತಿಲ್ಲ. ನನ್ನ ಕ್ಷಮಿಸ್ತೀಯಾ?"

ಆನಂದ್ ಉಸಿರೆಳೆದುಕೊಂಡ. "ಈಗ್ಲೇ ಆಗಲ್ಲ ಪ್ರಿಯಾ. ತುಂಬಾ ದಿನ ಬೇಕು."

"ಕಾಯ್ತೀನಿ... ಎಷ್ಟ್ ದಿನ ಆದ್ರೂ."

"ಅಲ್ಲೆಲ್ಲೋ ದೂರ ಕೂತು ಕಾಯೋದು ಬೇಡ. ನನ್ ಜೊತೆಲೇ ಇದ್ದು ಕಾಯ್ತೀಯಾ?"

ಅರ್ಥವಾಗಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಕಣ್ಣೀರಿನಲ್ಲೇ ನಗು ಮೂಡಿತು.

"ಇರ್ತೀನಿ. ಆದ್ರೆ ನೀನು ಬೇಗ ಕ್ಷಮಿಸ್ಬಿಡಬೇಡ."

"ಯಾಕೆ?"

"ಆಮೇಲೆ ಜೊತೆಗಿರೋಕೆ ನೆಪ ಬೇಕಲ್ಲ!"

ಆನಂದ್ ಅವಳ ಕೈಯನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡ.

"ಹಂಗಾದ್ರೆ ಈ ಜನ್ಮದಲ್ಲಿ ನಿಂಗೆ ಕ್ಷಮೆ ಇಲ್ಲ ಬಿಡು."