ಮೇಘಾವತಿಯಲ್ಲಿ ನೀಲವ್ವ ಕರೆದ ಹೆಸರು

ಒಂದಾನೊಂದು ಕಾಲದಲ್ಲಿ, ನಿಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಇನ್ನೂ ಹಾಲುಹಲ್ಲು ಬಂದಿರದಿದ್ದ ಕಾಲದಲ್ಲಿ, ಮೇಘಾವತಿ ಎಂಬ ರಾಜಧಾನಿಯಿತ್ತು. ರಾಜವಂಶ ಅಳಿದು ಎಷ್ಟೋ ಕಾಲವಾಗಿತ್ತು. ಕೋಟೆ ಉಳಿದಿತ್ತು, ಅರಮನೆ ಉಳಿದಿತ್ತು, ಮೇಲೆ ಸದಾ ಒಂದು ಬೂದು ಮೋಡ ಕವಿದಿತ್ತು. ಆ ಮೋಡ ಎಷ್ಟು ದಪ್ಪವೆಂದರೆ, ನಾನೊಮ್ಮೆ ಹೋದಾಗ ನನ್ನ ಕೊಡೆಯನ್ನು ಅದಕ್ಕೇ ಸಿಕ್ಕಿಸಿ ಮಲಗಿದ್ದೆ.

ಆ ಸೀಮೆಯಲ್ಲಿ ಒಂದು ಪದ್ಧತಿ. ಹೊಸದಾಗಿ ಮದುವೆಯಾದ ಗಂಡಹೆಂಡಿರು ಬೆಳಗ್ಗೆ ಕೋಟೆ ಹೊಕ್ಕು, ಇಡೀ ನಗರವನ್ನು ಕಾಲ್ನಡಿಗೆಯಲ್ಲಿ ನೋಡಿ, ಹಳೆಯ ಸಿಂಹಾಸನಕ್ಕೆ ಕೈಮುಗಿದು, ಸಂಜೆಯ ನಗಾರಿ ಬಾರಿಸುವುದರೊಳಗೆ ಹೊರಬರಬೇಕು. ಹೋದವರಲ್ಲಿ ಬಹಳ ಮಂದಿ ಹಿಂದಿರುಗುತ್ತಿರಲಿಲ್ಲ. ಊರವರು, "ಅಷ್ಟು ಚಂದ ಐತಿ ಆ ಊರು. ಅಲ್ಲೇ ಮನಿ ಮಾಡ್ಯಾರ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಹೀಗೆ ಒಂದು ಮುಂಜಾನೆ ಚನ್ನವೀರನೂ ಅವನ ಹೊಸ ಹೆಂಡತಿ ನೀಲವ್ವನೂ ಬುತ್ತಿ ಕಟ್ಟಿಕೊಂಡು ಬಂದರು. ಕೋಟೆ ಬಾಗಿಲಲ್ಲಿ ಸಣಕಲು ಆಸಾಮಿಯೊಬ್ಬ ನಿಂತಿದ್ದ. ಅವನ ಕಣ್ಣುಗುಡ್ಡೆಗಳು ಬೂದಿಯ ಉಂಡೆಗಳಂತಿದ್ದವು. ಜನ ಅವನನ್ನು ಬೂದಿಗಣ್ಣ ಎನ್ನುತ್ತಿದ್ದರು. ಅವನು ಮಾಂತ್ರಿಕ.

"ಬರ್ರಿ ಬರ್ರಿ, ಮದುಮಕ್ಕಳೇ! ಊರು ತೋರಸ್ತೀನಿ. ನನಗೇನೂ ಕೊಡೂದು ಬ್ಯಾಡ" ಎಂದ ಬೂದಿಗಣ್ಣ.

ಏನೂ ಬೇಡ ಎನ್ನುವವನ ಹಿಂದೆ ಹೋಗಬಾರದು. ಆದರೆ ಆ ಬುದ್ಧಿ ಹೇಳಲು ಅಂದು ನಾನು ಅಲ್ಲಿರಲಿಲ್ಲ. ನನಗೆ ನೆಗಡಿಯಾಗಿತ್ತು.

ಮೊದಲು ಆನೆಲಾಯಕ್ಕೆ ಹೋದರು. ಆನೆಗಳಿಲ್ಲ. ಒಂದು ಕಲ್ಲಾನೆ ಮಾತ್ರ ನಿಂತಿತ್ತು. ಗೋಡೆಯ ತುಂಬ ಹೆಸರುಗಳು. ಬೂದಿಗಣ್ಣ ಒಂದು ಮೊಳೆ ಚಾಚಿ, "ಬಂದವರೆಲ್ಲ ಹೆಸರು ಕೆತ್ತಿ ಹೋಗ್ಯಾರ. ಲೋಕ ಇರೋ ತನಕ ಇರತೈತಿ" ಎಂದ. ಚನ್ನವೀರ ಹಿಗ್ಗಿ ತನ್ನ ಹೆಸರು ಕೆತ್ತಿದ.

"ನನ್ನ ಹೆಸರು?" ಎಂದಳು ನೀಲವ್ವ.

"ನಿಂದ್ಯಾಕ? ನನ್ನ ಹೆಸರಿನಾಗ ನೀನೂ ಬಂದ್ಯಲ್ಲ" ಎಂದು ಅವನು ನಕ್ಕ. ನಗುವಾಗ ಅವನ ಮುಖದ ಬಣ್ಣ ಇಳಿದು ಸುಣ್ಣವಾಯಿತು.

ಆಮೇಲೆ ರಾಣಿಯ ಕೊಳ. ನೀರಿಲ್ಲ. ತಳದಲ್ಲಿ ಒಂದು ಕಲ್ಲುಮೊಸಳೆ ಬಾಯಿ ತೆರೆದು ಬಿದ್ದಿತ್ತು. ಮೆಟ್ಟಿಲಿನ ಮೇಲೆ ಚನ್ನವೀರ ಮತ್ತೆ ಹೆಸರು ಕೆತ್ತಿದ. "ರೀ, ಸಾಕ್ರೀ, ನಿಮ್ಮ ಮುಖ ಬಿಳಿಚೇತಿ" ಎಂದಳು ನೀಲವ್ವ. ಅವನು ಏನೋ ಹೇಳಲು ಬಾಯಿ ತೆರೆದ. ದನಿ ಬರಲಿಲ್ಲ.

ಕೊನೆಗೆ ಸಿಂಹಾಸನದ ಮಂಟಪ. ಅಲ್ಲಿ ಸಾಲುಸಾಲಾಗಿ ಗಂಡಸರ ಕಲ್ಲುಬೊಂಬೆಗಳು. ಒಂದೊಂದು ಬೊಂಬೆಯ ಕಾಲಬಳಿ ಒಬ್ಬೊಬ್ಬ ಹೆಂಗಸು ಕುಳಿತಿದ್ದಳು. ನೀಲವ್ವ ಕೈ ಹಿಡಿದು ಎಳೆಯುತ್ತಿದ್ದಂತೆಯೇ ಚನ್ನವೀರ ಕಂಬದ ಮೇಲೆ ಮೂರನೆಯ ಸಲ ತನ್ನ ಹೆಸರು ಕೆತ್ತಿದ. ಅವಳ ಮುಷ್ಟಿಯೊಳಗಿದ್ದ ಕೈ ತಣ್ಣಗಾಯಿತು, ಗಟ್ಟಿಯಾಯಿತು, ಕಲ್ಲಾಯಿತು.

ಬೂದಿಗಣ್ಣ ಕುಣಿದ. "ಒಂದೊಂದು ಹೆಸರು ನನಗ ಒಂದೊಂದು ಜೀವಮಾನ! ಬಿಡಿಸಿಕೊಳ್ಳೋ ದಾರಿ ಹೇಳಲೇಬೇಕು, ಅದು ಮಂತ್ರದ ಕಟ್ಟಳೆ. ಕೇಳು. ಅವನು ಹೆಸರು ಕೆತ್ತಿದ ಮೂರೂ ಜಾಗದಾಗ ನೀನು ಬಾಯಿ ತುಂಬ ಅವನ ಹೆಸರು ಹೇಳಬೇಕು. ನಗಾರಿ ಬಾರಿಸೂದರಾಗ. ಇಲ್ಲಾಂದ್ರ ನೀನೂ ಇವರ ಸಾಲಿನಾಗ ಕುಂದ್ರು."

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಡನ ಹೆಸರು ಹೇಳುವುದುಂಟೇ? ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳಿಗೆ ತೊಟ್ಟಿಲಿನಲ್ಲೇ ಕಲಿಸಿದ್ದರು.

ಹತ್ತಿರದ ಬೊಂಬೆಯ ಬಳಿ ಬೆಳ್ಳಿಕೂದಲಿನ ಮುದುಕಿಯೊಬ್ಬಳಿದ್ದಳು. "ನಾನು ಬಂದಾಗ ನಿನ್ನಷ್ಟೇ ಇದ್ನೆವ್ವಾ" ಎಂದಳು. "ಅಂದಿನಿಂದ ಇವರನ್ನ 'ರೀ' ಅಂತ ಕರದೆ, 'ಇಲ್ಲಿ ನೋಡ್ರಿ' ಅಂತ ಕರದೆ. ಹೆಸರು ಮಾತ್ರ ಬಾಯಿಗೆ ಬರವಲ್ದು. ಕರದ್ರ ಎದ್ದಾರು, ಎದ್ದ ಮ್ಯಾಲೆ ಸತ್ತರ? ಕಲ್ಲಾದರೂ ಕಣ್ಣ ಮುಂದ ಅದಾರಲ್ಲ."

ಎಲ್ಲ ಹೆಂಗಸರೂ ತಲೆಯಾಡಿಸಿದರು. ಮಂಟಪದ ತುಂಬ ಅವರ "ರೀ... ರೀ..." ಎಂಬ ಗೋಳು ಜೀರುಂಡೆಯ ಸದ್ದಿನಂತೆ ಹಬ್ಬಿತ್ತು.

ನೀಲವ್ವ ಅಲ್ಲಿ ಕೂರಲಿಲ್ಲ. ಸೆರಗು ಬಿಗಿದು ಆನೆಲಾಯಕ್ಕೆ ಓಡಿದಳು. ಕಲ್ಲಾನೆ ಸೊಂಡಿಲೆತ್ತಿ ದಾರಿ ಅಡ್ಡಗಟ್ಟಿತು. "ಯಾರ ಹೆಸರು ಬೇಕು? ಹೇಳು" ಎಂದಿತು.

ಹೊಸ್ತಿಲಲ್ಲಿ ದಾರಿ ಅಡ್ಡಗಟ್ಟಿ ಹೆಸರು ಕೇಳುವುದು! ನೀಲವ್ವನಿಗೆ ಮದುವೆಮನೆ ನೆನಪಾಯಿತು. ಅಲ್ಲಿ ನಾದಿನಿಯರು ಹೀಗೆಯೇ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳುವ ತನಕ ಒಳಗೆ ಬಿಟ್ಟಿರಲಿಲ್ಲ. ಒಡಪಿನ ಪದ್ಯದೊಳಗೆ ಹೆಸರು ಹೇಳಿದರೆ ದೋಷವಿಲ್ಲ. ಅವಳು ಕಣ್ಣೊರೆಸಿಕೊಂಡು ಹೇಳಿದಳು:

"ಹಿತ್ತಲದಾಗ ಹಬ್ಬೇತಿ ಹೀರಿಕಾಯಿ ಬಳ್ಳಿ,
ಚನ್ನವೀರರ ಕೈ ಹಿಡದು ಬಿಟ್ಟು ಬಂದೆ ನನ್ನ ಹಳ್ಳಿ."

ಆನೆ ಸೊಂಡಿಲು ಇಳಿಸಿತು. ಗೋಡೆಯ ಮೇಲಿನ ಹೆಸರು ಹಕ್ಕಳೆಯಂತೆ ಉದುರಿತು.

ಕೊಳಕ್ಕೆ ಓಡಿದಳು. ಮೊಸಳೆ ಮೆಟ್ಟಿಲೇರಿ ಬಂದು, "ಯಾರ ಹೆಸರು ಬೇಕು? ಹೇಳು. ಆನೆಗೆ ಹೇಳಿದ ಒಡಪು ನನಗೆ ಬೇಡ, ಎಂಜಲು ನಾನು ತಿನ್ನುವುದಿಲ್ಲ" ಎಂದಿತು.

ಮದುವೆಯಲ್ಲಿ ಕಲಿತದ್ದು ಅದೊಂದೇ ಒಡಪು. ಈಗ ತಾನೇ ಕಟ್ಟಬೇಕು. ಬತ್ತಿದ ಕೊಳವನ್ನೇ ನೋಡುತ್ತ ನೀಲವ್ವ ಹೇಳಿದಳು:

"ಕೊಳದಾಗ ನೀರಿಲ್ಲ, ಕೊಡದಾಗ ಹನಿಯಿಲ್ಲ,
ಚನ್ನವೀರರು ಇಲ್ಲದ ಮನಿ ನನಗ ಮನಿಯಲ್ಲ."

ಮೊಸಳೆ ಬಾಯಿ ಮುಚ್ಚಿತು. ಅದರ ಕಲ್ಲುಗಣ್ಣಿನಿಂದ ಒಂದು ಹನಿ ನೀರು ಬಿತ್ತು. ಮೊಸಳೆಯ ಕಣ್ಣೀರು ಸುಳ್ಳು ಎನ್ನುತ್ತಾರೆ. ಇದು ಸುಳ್ಳಲ್ಲ, ನೆಗಡಿ ಬಿಟ್ಟ ಮೇಲೆ ಹೋಗಿ ನಾನು ಬೆರಳು ಅದ್ದಿ ನೆಕ್ಕಿ ನೋಡಿದ್ದೇನೆ, ಉಪ್ಪಿತ್ತು. ಮೆಟ್ಟಿಲಿನ ಹೆಸರೂ ಉದುರಿತು.

ಮಂಟಪಕ್ಕೆ ಬರುವಾಗ ಕತ್ತಲು ಇಳಿಯತೊಡಗಿತ್ತು. ಬೂದಿಗಣ್ಣ ನಗಾರಿಯ ಮುಂದೆ ಕೋಲು ಹಿಡಿದು ಕುಳಿತಿದ್ದ. ಕಂಬದಿಂದ ಒಂದು ಕಲ್ಲುಸಿಂಹ ಧುಮುಕಿ, "ಯಾರ ಹೆಸರು ಬೇಕು? ಹೇಳು" ಎಂದು ಗುಡುಗಿತು.

"ಸಿಂಹಾಸನದ ಮುಂದ ಸಂಜಿಯ ದೀಪ..." ಎಂದು ಶುರುಮಾಡಿದಳು ನೀಲವ್ವ. ಮುಂದಿನ ಸಾಲು ಬರಲಿಲ್ಲ. ಮತ್ತೆ ಶುರುಮಾಡಿದಳು. ಬರಲಿಲ್ಲ. ದಿನವಿಡೀ ನಡೆದು ಕಾಲಲ್ಲಿ ರಕ್ತ ಬರುತ್ತಿತ್ತು. ಎದುರಿಗೆ ಗಂಡನ ಕಲ್ಲುಮುಖ.

"ಬಂತೇನು ಪದ್ಯ?" ಎಂದು ಅಣಕಿಸಿ ಬೂದಿಗಣ್ಣ ಕೋಲು ಎತ್ತಿದ.

ನೀಲವ್ವ ಹಲ್ಲು ಕಚ್ಚಿದಳು. ದೇವರೇ, ಆಯುಷ್ಯ ಬೇಕಾದರೆ ನನ್ನದರಲ್ಲಿ ಕಳೆದುಕೋ ಎಂದುಕೊಂಡಳು. ಪದ್ಯವಿಲ್ಲದೆ, ಸೆರಗಿನ ಮರೆಯಿಲ್ಲದೆ, ಆಟದ ಗೆಳೆಯನನ್ನು ಕೂಗುವಂತೆ ಕೂಗಿದಳು:

"ಚನ್ನವೀರಾ!"

ಸಿಂಹ ಬಿರಿದು ಮಣ್ಣಾಯಿತು. ಕಲ್ಲಿನೊಳಗಿಂದ ಒಂದು ಉಸಿರು ಹೊರಟಿತು. "ಓ" ಎಂದ ಚನ್ನವೀರ. ಆಮೇಲೆ ತಲೆ ತಗ್ಗಿಸಿ, "ನಿನ್ನ ಹೆಸರು ಕೆತ್ತಲಿಲ್ಲ, ಒಳ್ಳೇದಾತು. ಕೆತ್ತಿದ್ರ ನನ್ನ ಕರೆಯೋರು ಯಾರಿದ್ರು?" ಎಂದ.

ಹೆಂಗಸರೆಲ್ಲ ಅವನನ್ನು ಮುಟ್ಟಿಮುಟ್ಟಿ ನೋಡಿದರು. ಬದುಕಿದ್ದಾನೆ! ಬೆಚ್ಚಗಿದ್ದಾನೆ! ಬೂದಿಗಣ್ಣ ನಗಾರಿ ಬಾರಿಸಲು ಕೋಲು ಬೀಸಿದ. ಚನ್ನವೀರ ಕೋಲನ್ನು ಹಿಡಿದುಕೊಂಡ. ಅಷ್ಟರಲ್ಲಿ ಒಬ್ಬಳು ಮೆಲ್ಲಗೆ "ಮಡಿವಾಳಾ" ಎಂದಳು. ಇನ್ನೊಬ್ಬಳು "ಶಂಕರಾ" ಎಂದಳು. ಆಮೇಲೆ ಮಂಟಪವೇ ಹಾರಿಹೋಗುವಂತೆ, ಮುದುಕಿಯೊಬ್ಬಳನ್ನು ಬಿಟ್ಟು, ಎಲ್ಲರೂ ಕೂಗಿದರು. ಅವರ ದನಿ ಆನೆಲಾಯಕ್ಕೂ ಕೊಳಕ್ಕೂ ಕೇಳಿತು. ಗೋಡೆಗೋಡೆಯಿಂದ ಹೆಸರುಗಳು ಉದುರಿದವು.

ಒಂದೊಂದು ಹೆಸರು ಉದುರಿದಂತೆ ಬೂದಿಗಣ್ಣ ಒಂದೊಂದು ಜೀವಮಾನ ಮುದುಕನಾದ. "ನನ್ನ ಹೆಸರನ್ನೂ ಯಾರಾದರೂ ಕರೀರಿ!" ಎಂದು ಗೋಗರೆದ. ಕರೆಯಲು ಯಾರಿಗೂ ಗೊತ್ತಿರಲಿಲ್ಲ, ಅವನಿಗೂ ಮರೆತುಹೋಗಿತ್ತು. ಅವನು ಬೂದಿಯಾಗಿ ಉದುರಿಹೋದ. ಮೋಡ ಹರಿಯಿತು. ಮುಳುಗುವ ಸೂರ್ಯ ಮೇಘಾವತಿಗೆ ಮುಖ ತೋರಿಸಿದ.

ಬೆಳ್ಳಿಕೂದಲಿನ ಮುದುಕಿ ಎಲ್ಲರಿಗಿಂತ ಕೊನೆಗೆ ತನ್ನ ಬೊಂಬೆಯ ಕಿವಿಯಲ್ಲಿ, "ಸಂಗಮನಾಥಾ" ಎಂದಳು. ಮಾಂತ್ರಿಕನಿಲ್ಲದ ಮೇಲೆ ಪಿಸುಮಾತೇ ಸಾಕಾಯಿತು. ಮೀಸೆ ಈಗಷ್ಟೇ ಚಿಗುರಿದ ಹುಡುಗನೊಬ್ಬ ಕಣ್ಣು ಬಿಟ್ಟ. ಸುತ್ತ ನೋಡಿದ.

"ಅಜ್ಜಿ, ನನ್ನ ಹೆಂಡ್ತಿ ಇಲ್ಲೇ ನಿಂತಿದ್ಲು. ಕಂಡ್ರೇನು?"

ಮುದುಕಿ ಬೆಳ್ಳಿಕೂದಲಿನ ಮೇಲೆ ಸೆರಗು ಎಳೆದುಕೊಂಡಳು. "ಕಂಡೆ. ಕಾದು ಕಾದು ಮುಂದ ಹೋದ್ಲು. ನಡಿಯಪ್ಪಾ, ದಾರಿ ತೋರಸ್ತೀನಿ" ಎಂದಳು.

ಅವನು ಅವಳ ಹಿಂದೆ ನಡೆದ. ಅವಳ ನಡಿಗೆಯನ್ನೇ ನೋಡುತ್ತ ನಡೆದ. ಕೋಟೆ ಬಾಗಿಲು ಬರುವ ಮೊದಲೇ ಮುಂದೆ ಬಂದು, ಮಾತಾಡದೆ, ಅವಳ ಬುತ್ತಿಯ ಗಂಟನ್ನು ತನ್ನ ಹೆಗಲಿಗೆ ಹಾಕಿಕೊಂಡು ಅವಳ ಕೈ ಹಿಡಿದ.

ಎಲ್ಲರೂ ತಂತಮ್ಮ ಊರು ಸೇರಿ ಉಂಡುಟ್ಟು ತಣ್ಣಗೆ ಬಾಳಿದರು. ಆ ಇಬ್ಬರೂ ಬಾಳಿದರು, ಇದ್ದಷ್ಟು ದಿನ.