ಎರಡನೇ ಸಲ ಕೇಳುವ ದೇಶ

"ಭೂತಾನಲ್ಲಿ ಮೆಣಸಿನಕಾಯಿ ಅಂದ್ರೆ ಒಗ್ಗರಣೆಗೆ ಹಾಕೋದಲ್ಲ, ಅದೇ ಪಲ್ಯ! ಚೀಸ್ ಹಾಕಿ ಬೇಯಿಸ್ತಾರೆ, ಎಮಾ ದತ್ಶಿ ಅಂತ..."

ಸಮೃದ್ಧಿಯ ಮಾತು ಅಲ್ಲಿಗೇ ನಿಂತಿತು.

ಬಾಗಿಲಲ್ಲಿ ನವೀನ! ತ್ಯಾಗಲಿ ಊರಿನ ನವೀನ. ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದ ಗೆಳೆಯ, ಆಮೇಲೆ ಗೆಳೆಯನಿಗಿಂತ ಹೆಚ್ಚು... ಹೋದ ವರ್ಷ "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿ, "ಬೇಡ" ಅನ್ನಿಸಿಕೊಂಡು ಹೋದವನು ಈಗಲೇ ಮುಖ ತೋರಿಸಿದ್ದು.

ಪಕ್ಕದಲ್ಲಿ ಒಬ್ಬ ಹುಡುಗಿ.

"ಲೇಟಾಯ್ತು, ಸಾರಿ ಅಕ್ಕಾ. ನಾನು ಕಾವ್ಯಶ್ರೀ. ಮುಂದಿನ ತಿಂಗಳು ನಮ್ಮ ಮದುವೆ, ಅದಾದ ಮರುವಾರವೇ ಈ ಟ್ರಿಪ್ಪು!"

ಶಿರಸಿಯ ಆ ಟ್ರಾವೆಲ್ಸಿನಲ್ಲಿ, ಹೊರಡುವ ಮೊದಲು ಪ್ರವಾಸಿಗರಿಗೆ ಆ ದೇಶದ ರೀತಿನೀತಿ ಹೇಳಿಕೊಡುವುದು ಸಮೃದ್ಧಿಯ ಕೆಲಸ. ಭೂತಾನನ್ನು ಅವಳೇ ಕಂಡಿರಲಿಲ್ಲ. ಇಬ್ಬರೂ ಸೇರಿ ನೋಡೋಣ ಎಂದು ನವೀನನೇ ಆಸೆ ಹಚ್ಚಿದ್ದ ದೇಶ ಅದು. ಈಗ ಅವನ ಹನಿಮೂನಿಗೆ ಇವಳು ಪಾಠ ಹೇಳಬೇಕು! ದೇವರಿಗೂ ಬೇರೆ ಕೆಲಸವಿಲ್ಲ ನೋಡಿ.

ಪರದೆಯ ಮೇಲೆ ಪಾರೋ ಊರಿನ ಬಂಡೆಗೆ ಅಂಟಿಕೊಂಡ ತಕ್ತ್‌ಸಾಂಗ್ ಮಠ ಬಂತು. ಅಳು ನುಂಗಿಕೊಂಡು ಅದರ ಬಗ್ಗೆಯೂ ಹೇಳಿದಳು.

"ಇನ್ನೊಂದು ವಿಷಯ. ಯಾರಾದ್ರೂ ಮನೇಲಿ ತಿನ್ನೋಕೆ ಕೊಟ್ರೆ, ಮೊದಲ ಸಲ ಬಾಯಿಗೆ ಕೈ ಅಡ್ಡ ಹಿಡಿದು 'ಮೆಶು ಮೆಶು' ಅನ್ಬೇಕು, ಬೇಡ ಅಂತ. ಅವರು ಮತ್ತೆ ಕೇಳ್ತಾರೆ. ಆಗ ತಗೊಳ್ಳೋದು."

"ನಮ್ಮನೆ ಊಟದ ಹಂಗೇ ಆತಲ!" ಎಂದರು ಮುಂದೆ ಕೂತಿದ್ದ ಸೀತಾರಾಮ ಹೆಗಡೆಯವರು. "ಬ್ಯಾಡ ಬ್ಯಾಡ ಅಂದವನ ಬಾಳೆಗೇ ಎರಡು ಹೋಳಿಗೆ!"

ಎಲ್ಲರೂ ನಕ್ಕರು. ಕಾವ್ಯಶ್ರೀ ಮಾತ್ರ ಕೈ ಎತ್ತಿದಳು.

"ಅಕ್ಕಾ, ಬೇಡ ಅಂದಿದ್ದನ್ನ ನಿಜ ಅಂತ ತಿಳ್ಕೊಂಡು, ಅವರು ಮತ್ತೆ ಕೇಳ್ಲೇ ಇಲ್ಲ ಅಂದ್ರೆ?"

ಸಮೃದ್ಧಿ ಪರದೆಯ ಕಡೆ ತಿರುಗಿದಳು.

"ಆಗ... ಹಸ್ಕೊಂಡೇ ಬರಬೇಕು."

ಪಾಠ ಮುಗಿದು ಎಲ್ಲರೂ ಎದ್ದರು. ಕಾವ್ಯಶ್ರೀ ವೋಟರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಕೆಳಗಿಳಿದಳು. ನವೀನ ಉಳಿದ.

"ಆವತ್ತು ನಾನು ಇನ್ನೊಂದು ಸಲ ಕೇಳ್ಬೇಕಿತ್ತಾ?"

"ಅಪ್ಪನ ಹೆದರಿಕೆಗೆ ಬಾಯಿಗೆ ಬಂದ 'ಬೇಡ' ಅದು. ನೀನು ಮತ್ತೆ ಕೇಳ್ತೀಯ ಅಂತ ಕಾದೆ ನವೀನ... ಕೇಳಿದ್ರೆ ಹೂಂ ಅಂತಿದ್ದೆ. ನಿನ್ನ ಮೇಲೆ ಜೀವ ಇತ್ತು. ಈಗ್ಲೂ ಇದೆ."

ಅವನ ಕಣ್ಣು ತುಂಬಿತು.

"ನಿಮ್ಮನೆಗಳಲ್ಲಿ ಬೇಡ ಅನ್ನೋದು ಉಪಚಾರ ಸಮೃದ್ಧಿ. ನಮ್ಮಜ್ಜ ನಿಮ್ಮಂಥ ತೋಟದವರ ಅಂಗಳದಲ್ಲಿ ನಿಂತು ಕೂಲಿ ಕೇಳಿ, ಒಂದು ಸಲ 'ಇಲ್ಲ' ಅನ್ನಿಸ್ಕೊಂಡ್ರೆ ಮತ್ತೆ ಬಾಯಿ ಬಿಡ್ತಿರ್ಲಿಲ್ಲ. ಆ ಅಭ್ಯಾಸ ನಂಗೂ ಬಂದುಬಿಡ್ತು."

ಅಯ್ಯೋ, ಇದೊಂದು ತನ್ನ ತಲೆಗೇ ಹೊಳೆಯಲಿಲ್ಲವಲ್ಲ! ವರ್ಷವಿಡೀ ಅವನನ್ನೇ ಬೈದುಕೊಂಡಿದ್ದಳು ಅವಳು.

"ಈಗ ಕೇಳ್ತೀನಿ. ಇನ್ನೂ ಟೈಮಿದೆ. ನನ್ನ ಮದುವೆ ಆಗ್ತೀ..."

ಕಿಟಕಿಯಾಚೆ ಕಾವ್ಯಶ್ರೀ ಜೆರಾಕ್ಸ್ ಅಂಗಡಿಯವಳಿಗೆ ಬಾಯಿಗೆ ಕೈ ಅಡ್ಡ ಹಿಡಿದು ತೋರಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಪಾಪದ ಹುಡುಗಿ, ಅವಳಿಗೆ ಏನೂ ಗೊತ್ತಿಲ್ಲ.

"ಬೇಡ," ಎಂದಳು ಸಮೃದ್ಧಿ.

ಈ ಸಲ ಅವನು ಹೋಗಲಿಲ್ಲ. "ಬೇಡ್ವಾ?"

"ಬೇಡ ನವೀನ. ಇದು ಉಪಚಾರ ಅಲ್ಲ."

ಅವಳ ಕೆನ್ನೆ ಒದ್ದೆಯಾಗಿತ್ತು. ಒರೆಸಲು ಎತ್ತಿದ ಕೈಯನ್ನು ಅವನು ಹಾಗೇ ಕೆಳಗಿಳಿಸಿದ.

"ಪಾರೋದಲ್ಲಿ ಸಂಜೆ ವಿಪರೀತ ಚಳಿ," ಎಂದಳು. "ಅವಳಿಗೆ ದಪ್ಪ ಸ್ವೆಟರ್ ಇಟ್ಕೊ."

"ಹೂಂ... ನಿಂಗೆ ಅಲ್ಲಿಂದ ಎಂತ ತರ್ಲಿ?"

"ಹೋಗಿ ಬಂದು, ಹೆಂಗಿತ್ತು ಅಂತ ಮಾತ್ರ ಹೇಳ್ಬೇಡ ನವೀನ. ಅಷ್ಟು ಸಾಕು."